ವಾಂತಿಯ ಅಂಜಿಕೆಯೂ ವಿವೇಕದ ಮದ್ದೂ



ಸ್ಮರಣ ಸಂಚಿಕೆಗೆ ಮುಖ್ಯಾಧ್ಯಾಪಿಕೆಯು ಬರೆಯುವ ಲೇಖನವೆಂದರೆ ವಿದ್ಯೆಯ ಮಹತ್ವ, ಸಮಯದ ಬೆಲೆ, ಹಿರಿಯರ ಸೇವೆ ಮುಂತಾದ ವಿಷಯಗಳೇ ಇರಬೇಕೆಂದು ನೀವು ಎಣಿಸುವದು ಸಹಜ. ಈ ಸಾರೆ ನಾವು ಊಟದ ಪಂಕ್ತಿಯಲ್ಲಿ ಹೆಸರೆತ್ತಲಿಕ್ಕೂ ಸಂಕೋಚವಾಗುವಂಥ ಒಂದು ಸಂಗತಿಯನ್ನು ಆರಿಸಿಕೊಂಡಿದ್ದೇವೆ. ವಾಂತಿಯಾದೀತೆಂಬ ಅಂಜಿಕೆಯೇ ಆ ಸಂಗತಿ. ಇದನ್ನು ಓದಿ ನಿಮ್ಮಲ್ಲಿ ಬಹುಮಂದಿ ನಗಬಹುದು. ಆದರೆ ಪ್ರತಿಯೊಂದು ಶಾಲೆಯಲ್ಲಿಯೂ ಇದನ್ನು ಓದಿ ನಗದೆ, ಹಾಳೆಯನ್ನು ಮೆಲ್ಲಗೆ ಮಗುಚಿಹಾಕುವ ಒಬ್ಬಿಬ್ಬರು ಇರುತ್ತಾರೆ. ಈ ಪಾಠವು ಮುಖ್ಯವಾಗಿ ಅವರಿಗಾಗಿ. ಉಳಿದವರು ಅವರ ಗೆಳತಿಯರಾದ ಕಾರಣ ಇದನ್ನು ಓದಬೇಕು.

೧. ಒಬ್ಬ ಬಾಲಕಿಯ ಸಂಗತಿ

ಕೆಲವು ವರ್ಷಗಳ ಹಿಂದೆ ಎಂಟನೆಯ ಇಯತ್ತೆಯಲ್ಲಿ ಒಬ್ಬ ಹುಡುಗಿಯಿದ್ದಳು. ಓದಿನಲ್ಲಿ ಚುರುಕು, ಹಾಡಿನಲ್ಲಿ ಮುಂದು. ಒಂದು ದಿನ ಬೆಳಗಿನ ಪ್ರಾರ್ಥನೆಯ ವೇಳೆಯಲ್ಲಿ ಅವಳ ಪಕ್ಕದಲ್ಲಿ ನಿಂತಿದ್ದ ಗೆಳತಿಯೊಬ್ಬಳು ವಾಂತಿ ಮಾಡಿಕೊಂಡಳು. ನೆಲವನ್ನು ತೊಳೆದು, ಗೆಳತಿಯನ್ನು ಮನೆಗೆ ಕಳಿಸಿ, ನಾವೆಲ್ಲರೂ ಅದನ್ನು ಮರೆತೆವು. ಈ ಬಾಲಕಿಯು ಮಾತ್ರ ಮರೆಯಲಿಲ್ಲ. ಅವಳ ಊಟದ ಡಬ್ಬಿಯು ತುಂಬಿದ್ದು ತುಂಬಿದ ಹಾಗೆಯೇ ಮನೆಗೆ ತಿರುಗಿ ಹೋಗಹತ್ತಿತು. ಪ್ರಾರ್ಥನೆಯಲ್ಲಿ ಬಾಗಿಲ ಹತ್ತಿರವೇ ನಿಲ್ಲುವಳು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಚಿಗರಿ ಬಸ್ಸನ್ನು ಹತ್ತಲೊಲ್ಲಳು. ಗೆಳತಿಯರು ಗಿರ್ಮಿಟ್ಟು ತಿನ್ನುವಾಗ ದೂರ ಸರಿದು ಕೂಡ್ರುವಳು. ದಿನಕ್ಕೆ ಹತ್ತು ಸಾರೆ ಕೈ ತೊಳೆಯುವಳು.

ಆಗ ನಾವು ಮಾಡಿದ ತಪ್ಪನ್ನು ಇಲ್ಲಿ ಮುಚ್ಚಿಡದೆ ಹೇಳಬೇಕು. ನಾವು ಅವಳನ್ನು ಗದರಿಸಲಿಲ್ಲ, ಅತಿಯಾಗಿ ಕನಿಕರಪಟ್ಟೆವು. ಬಾಗಿಲ ಬಳಿಯ ಸ್ಥಳವನ್ನು ಅವಳಿಗೇ ಮೀಸಲಿಟ್ಟೆವು. ಹೊಟ್ಟೆ ತೊಳಸುತ್ತದೆಂದ ಕೂಡಲೆ ತಾಯಿಯನ್ನು ಕರೆಯಿಸಿ ಮನೆಗೆ ಕಳಿಸಿದೆವು. ಕಾರವಾರದ ಶೈಕ್ಷಣಿಕ ಪ್ರವಾಸಕ್ಕೆ ಬರಲಾರೆನೆಂದಾಗ, "ಬೇಡ ಬಿಡವಾ, ಮನ್ಯಾಗ ಆರಾಮ ಇರು" ಎಂದೆವು. "ಟೀಚರ್, ಇವತ್ತ ಯಾರಿಗೂ ವಾಂತಿ ಆಗೂದಿಲ್ಲ ಅಲ್ರೀ?" ಎಂದು ಅವಳು ಕೇಳಿದಾಗಲೆಲ್ಲ, "ಇಲ್ಲವಾ, ಆಗೂದಿಲ್ಲ" ಎಂದು ಭರವಸೆ ಕೊಟ್ಟೆವು. ಒಂದು ವರ್ಷ ಕಳೆಯುವಷ್ಟರಲ್ಲಿ ಅವಳು ಬಡಕಲಾದಳು. ಹಾಜರಿಯು ಅರ್ಧಕ್ಕೆ ಇಳಿಯಿತು. ನಮ್ಮ ಕನಿಕರವು ಅವಳ ಅಂಜಿಕೆಗೆ ನೀರೆರೆದಿತ್ತೆಂಬದು ನಮಗೆ ಆಮೇಲೆ, ತಿಳಿದ ಮನೋವೈದ್ಯರೊಬ್ಬರ ಮಾತಿನಿಂದ ಗೊತ್ತಾಯಿತು. ಆ ಬಳಿಕ ನಾವು ಓದಿ, ಕೇಳಿ, ಕಲಿತುಕೊಂಡದ್ದರ ಸಾರವೇ ಈ ಲೇಖನ.

ವೈದ್ಯರು ಈ ಅಂಜಿಕೆಗೆ ಎಮಿಟೊಫೋಬಿಯಾ ಎಂದು ಹೆಸರಿಟ್ಟಿದ್ದಾರೆ. ಗ್ರೀಕ್ ಭಾಷೆಯಲ್ಲಿ ಎಮೆಟೊಸ್ ಎಂದರೆ ವಾಂತಿ, ಫೋಬೊಸ್ ಎಂದರೆ ಭಯ. ೨೦೧೩ರಲ್ಲಿ ಅಮೇರಿಕದ ಮನೋವೈದ್ಯರ ಸಂಘವು ಪ್ರಕಟಿಸಿದ ಐದನೆಯ ರೋಗನಿರ್ಣಯ ಕೈಪಿಡಿಯು ಇದನ್ನು ನಿರ್ದಿಷ್ಟ ಭಯಗಳ ಗುಂಪಿನಲ್ಲಿ ಸೇರಿಸಿದೆ. ಇದು ಬಹುಮಟ್ಟಿಗೆ ಬಾಲ್ಯದಲ್ಲಿ ಇಲ್ಲವೆ ಹರೆಯದ ಹೊಸ್ತಿಲಲ್ಲಿ ಮೊದಲಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ಕಾಣುತ್ತದೆ. ಆದದರಿಂದ ಇದು ಹಟವಲ್ಲ, ನಾಟಕವಲ್ಲ, ದೆವ್ವದ ಕಾಟವೂ ಅಲ್ಲ. ಹೆಸರುಳ್ಳ, ಗುಣವಾಗತಕ್ಕ ಒಂದು ಬೇನೆ.

೨. ವಾಂತಿಯೆಂದರೇನು?

ಯಾವ ವಸ್ತುವಿಗೆ ಅಂಜುತ್ತೇವೆಯೋ ಅದರ ಸ್ವರೂಪವನ್ನು ಮೊದಲು ಅರಿಯಬೇಕು. ಕತ್ತಲೆಯಲ್ಲಿ ಹಾವಾಗಿ ಕಂಡದ್ದು ದೀಪದ ಬೆಳಕಿನಲ್ಲಿ ಹಗ್ಗವಾಗುವದುಂಟು.

ನಮ್ಮ ಮೆದುಳಿನ ಬುಡದಲ್ಲಿ, ಬೆನ್ನುಹುರಿಯು ಕೂಡುವ ಸ್ಥಳದಲ್ಲಿ, ಮೆಡುಲ್ಲಾ ಎಂಬ ಭಾಗವುಂಟು. ವಾಂತಿಯ ಆಜ್ಞೆಯು ಹೊರಡುವದು ಅಲ್ಲಿಂದ. ಅದಕ್ಕೆ ವರ್ತಮಾನವು ನಾಲ್ಕು ದಾರಿಗಳಿಂದ ಬರುತ್ತದೆ. ಹೊಟ್ಟೆ ಕರುಳುಗಳಲ್ಲಿ ಕೆಟ್ಟ ಪದಾರ್ಥ ಸೇರಿದರೆ ನರಗಳ ಮೂಲಕ ಸುದ್ದಿ ಮುಟ್ಟುತ್ತದೆ. ರಕ್ತದಲ್ಲಿ ವಿಷದ ಅಂಶವು ಕಂಡರೆ ಅಲ್ಲಿಯೇ ಇರುವ ಒಂದು ಕಾವಲುಚೌಕಿಯು ಅದನ್ನು ಗುರುತಿಸುತ್ತದೆ. ಮೂರನೆಯದು ಒಳಗಿವಿ: ಯಲ್ಲಾಪುರವನ್ನು ದಾಟಿ ಅರಬೈಲ್ ಘಾಟನ್ನು ಇಳಿಯುವಾಗ ಕಣ್ಣು ಪುಸ್ತಕದ ಮೇಲಿದ್ದರೆ, "ನಾವು ಅಲುಗುತ್ತಿಲ್ಲ" ಎಂದು ಕಣ್ಣು ಹೇಳುತ್ತದೆ, "ತಿರುವಿನ ಮೇಲೆ ತಿರುವು ಬರುತ್ತಿದೆ" ಎಂದು ಒಳಗಿವಿಯು ಹೇಳುತ್ತದೆ. ಈ ಎರಡು ಸಾಕ್ಷಿಗಳ ಜಗಳವೇ ಪ್ರವಾಸದ ತಲೆತಿರುಕು. ನಾಲ್ಕನೆಯದು ನಮ್ಮ ಮನಸ್ಸು: ನಾತ, ನೋಟ, ನೆನಪು, ಮತ್ತು ಅಂಜಿಕೆ.

ಆಜ್ಞೆಯು ಹೊರಟ ಕೂಡಲೆ ಬಾಯಲ್ಲಿ ನೀರೂರುತ್ತದೆ. ಹುಳಿಯಾದ ಜಠರರಸದಿಂದ ಹಲ್ಲುಗಳನ್ನು ಕಾಯುವದಕ್ಕೆ ಇದೊಂದು ಏರ್ಪಾಡು. ದೀರ್ಘವಾದ ಒಂದು ಉಸಿರು ಬರುತ್ತದೆ. ಶ್ವಾಸನಾಳದ ಬಾಗಿಲು ಮುಚ್ಚುತ್ತದೆ. ಮೆದು ಅಂಗಳವು ಮೇಲೆದ್ದು ಮೂಗಿನ ದಾರಿಯನ್ನು ಕಟ್ಟುತ್ತದೆ. ಆಮೇಲೆ ವಪೆಯೂ ಹೊಟ್ಟೆಯ ಸ್ನಾಯುಗಳೂ ಕೂಡಿ ಜಠರವನ್ನು ಒತ್ತುತ್ತವೆ. ಕೆಲವು ಕ್ಷಣಗಳಲ್ಲಿ ಕೆಲಸ ಮುಗಿಯುತ್ತದೆ. ಎಚ್ಚರವಿರುವ ಆರೋಗ್ಯವಂತರಿಗೆ ವಾಂತಿಯ ಹೊತ್ತಿನಲ್ಲಿ ಉಸಿರು ಕಟ್ಟಿ ಸಾಯುವೆನೆಂಬ ಭಯಕ್ಕೆ ಆಧಾರವಿಲ್ಲ. ಶ್ವಾಸನಾಳವನ್ನು ಕಾಯುವ ಬಾಗಿಲು ಆಗ ಮುಚ್ಚಿಯೇ ಇರುತ್ತದೆ.

ಇಲಿಗಳಿಗೆ ವಾಂತಿ ಮಾಡುವ ಶಕ್ತಿಯಿಲ್ಲ. ಒಮ್ಮೆ ನುಂಗಿದ ಪಾಷಾಣವನ್ನು ಅವು ಹೊರಗೆ ಹಾಕಲಾರವು. ಆ ಕಾರಣದಿಂದಲೇ ಮನುಷ್ಯನು ಅವನ್ನು ಸುಲಭವಾಗಿ ಕೊಲ್ಲಬಲ್ಲನು. ನಮಗಾದರೋ ಸೃಷ್ಟಿಕರ್ತನು ಈ ರಕ್ಷಣೆಯನ್ನು ಇಟ್ಟಿದ್ದಾನೆ. ಆಯುರ್ವೇದದ ಪಂಚಕರ್ಮಗಳಲ್ಲಿ ವಮನವೇ ಮೊದಲನೆಯದು; ನಮ್ಮ ದೇಶದ ಹಳೆಯ ವೈದ್ಯರು ವಾಂತಿಯನ್ನು ಚಿಕಿತ್ಸೆಯೆಂದೇ ಬಳಸಿದರು. (ಇದನ್ನು ವೈದ್ಯರಿಲ್ಲದೆ ಯಾರೂ ಮಾಡಿನೋಡಬಾರದು.) ಸತ್ಯವೇದದಲ್ಲಿ ಯೋನನ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಮೂರು ದಿನ ಮೀನಿನ ಹೊಟ್ಟೆಯಲ್ಲಿದ್ದ ಪ್ರವಾದಿಯು ಒಣನೆಲಕ್ಕೆ ಬಂದು ಬದುಕಿದ್ದು ಆ ಮೀನು ಕಾರಿದ್ದರಿಂದಲೇ ಅಲ್ಲವೇ?

೩. ಹಿರಿಯರ ಅಂಜಿಕೆಗೆ ಕಾರಣವಿತ್ತು

ಎಲ್ಲ ಅಂಜಿಕೆಯೂ ಮೂಲದಲ್ಲಿ ಮೂರ್ಖತನವಲ್ಲ. ಕಾಲರಾ ರೋಗಕ್ಕೆ ಕನ್ನಡದಲ್ಲಿ ವಾಂತಿಭೇದಿಯೆಂದು ಹೆಸರು. ಬೆಳಿಗ್ಗೆ ವಾಂತಿ ಮೊದಲಾದವನು ಸಂಜೆಯ ದೀಪವನ್ನು ಕಾಣದೆ ಹೋದದ್ದನ್ನು ನಮ್ಮ ಮುತ್ತಜ್ಜಿಯರು ಕಂಡಿದ್ದರು. ರೋಗ ಬಂದಾಗ ಊರ ದೇವತೆಯನ್ನು ಗಡಿಯಾಚೆ ಸಾಗಿಸಿಬರುವ ಪದ್ಧತಿಯು ಹಲವು ಹಳ್ಳಿಗಳಲ್ಲಿತ್ತು. ಅಂಥ ಮನೆಯಲ್ಲಿ ಒಂದು ಕೂಸು ಕಾರಿದರೆ ತಾಯಿಯ ಎದೆ ನಡುಗುವದು ನ್ಯಾಯವೇ ಆಗಿತ್ತು.

ಆದರೆ ಆ ರೋಗದ ಗುಟ್ಟನ್ನು ಮನುಷ್ಯನ ವಿವೇಕವು ಮೆಲ್ಲಮೆಲ್ಲನೆ ಬಿಡಿಸಿತು. ೧೮೫೪ರಲ್ಲಿ ಲಂಡನ್ನಿನ ವೈದ್ಯ ಜಾನ್ ಸ್ನೋ ಎಂಬವನು ಸತ್ತವರ ಮನೆಗಳನ್ನು ನಕಾಶೆಯ ಮೇಲೆ ಗುರುತಿಸಿ, ರೋಗವು ಒಂದು ನೀರಿನ ಪಂಪಿನಿಂದ ಹಬ್ಬುತ್ತಿದೆಯೆಂದು ತೋರಿಸಿಕೊಟ್ಟನು. ೧೮೮೪ರಲ್ಲಿ ರಾಬರ್ಟ್ ಕೋಖ್ ಎಂಬ ಜರ್ಮನ್ ಪಂಡಿತನು ಕಲಕತ್ತೆಯಲ್ಲಿ ಅದರ ಜಂತುವನ್ನು ಬೇರ್ಪಡಿಸಿದನು. ೧೯೫೯ರಲ್ಲಿ ಅದೇ ಕಲಕತ್ತೆಯ ಶಂಭುನಾಥ ಡೇ ಅವರು ಆ ಜಂತುವು ಬಿಡುವ ವಿಷವನ್ನು ಕಂಡುಹಿಡಿದರು. ೧೯೭೧ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ತುಂಬಿದ್ದ ಬನಗಾಂವದ ಶಿಬಿರದಲ್ಲಿ ಶಿರೆಯ ಮೂಲಕ ಕೊಡುವ ದ್ರವವು ಸಾಲದೆ ಹೋದಾಗ, ಡಾಕ್ಟರ ದಿಲೀಪ ಮಹಲಾನಬೀಸ್ ಅವರು ಉಪ್ಪು ಸಕ್ಕರೆಗಳ ನೀರನ್ನು ಬಾಯಿಂದಲೇ ಕುಡಿಸಿದರು. ನೂರಕ್ಕೆ ೩೦ರಷ್ಟಿದ್ದ ಸಾವು ೪ಕ್ಕಿಂತ ಕಡಿಮೆಯಾಯಿತು.

ಈಗ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮಮಟ್ಟದ ಚಹದ ಚಮಚ ಸಕ್ಕರೆಯನ್ನೂ ಅರ್ಧ ಚಮಚ ಉಪ್ಪನ್ನೂ ಕೂಡಿಸಿದರೆ ಆ ಮದ್ದು ನಮ್ಮ ಅಡಿಗೆಮನೆಯಲ್ಲಿಯೇ ಸಿದ್ಧ. ವಾಂತಿಯಾದಾಗ ಅದನ್ನು ಗಟಗಟನೆ ಕುಡಿಯದೆ, ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಗುಟುಕರಿಸಬೇಕು. ರಕ್ತ ಬಿದ್ದರೆ, ತಲೆಗೆ ಪೆಟ್ಟಾದ ಬಳಿಕ ವಾಂತಿಯಾದರೆ, ಹೊಟ್ಟೆಶೂಲೆಯು ತೀವ್ರವಾಗಿದ್ದರೆ, ಮೂತ್ರವು ಕಡಿಮೆಯಾಗಿ ನಿಶ್ಶಕ್ತಿ ಬಂದರೆ, ನೀರು ಸಹ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇದು ವಿವೇಕದ ಎಚ್ಚರಿಕೆ. ಇದರಾಚೆಗೆ ಇರುವದೆಲ್ಲ ಅಂಜಿಕೆಯ ಮಾತು. ಅಪಾಯವು ಕರಗಿದರೂ ಅದರ ನೆರಳು ನಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಉಳಿದುಕೊಂಡಿದೆ.

೪. ಆಲೋಚನೆಯ ನಾಲ್ಕು ತಪ್ಪುಗಳು

ನಮ್ಮನ್ನು ಕಲಕುವದು ಸಂಗತಿಯಲ್ಲ, ಸಂಗತಿಯ ವಿಷಯವಾಗಿ ನಾವು ಮಾಡಿಕೊಂಡ ಎಣಿಕೆ ಎಂಬ ವಿಚಾರವು ಬಹು ಹಳೆಯದು. ದಾಸನಾಗಿ ಹುಟ್ಟಿದ ಗ್ರೀಕ್ ತತ್ತ್ವಜ್ಞಾನಿ ಎಪಿಕ್ಟೆಟಸನು ಇದನ್ನು ಬೋಧಿಸಿದನು. ಅಮೇರಿಕದ ಆಲ್ಬರ್ಟ್ ಎಲ್ಲಿಸ್ ಎಂಬವರು ೧೯೫೫ರ ಸುಮಾರಿಗೆ ಅದರ ಮೇಲೆಯೇ ಒಂದು ಚಿಕಿತ್ಸೆಯನ್ನು ಕಟ್ಟಿದರು. ೧೯೬೦ರ ದಶಕದಲ್ಲಿ ಆರನ್ ಬೆಕ್ ಎಂಬ ವೈದ್ಯರು ಇಂಥದೇ ಮಾರ್ಗವನ್ನು ಬೆಳೆಸಿದರು. ಈ ರೀತಿಯಿಂದ ನೋಡಿದರೆ ವಾಂತಿಗೆ ಅಂಜುವವಳ ಆಲೋಚನೆಯಲ್ಲಿ ನಾಲ್ಕು ತಪ್ಪುಗಳು ಕಾಣುತ್ತವೆ.

ಮೊದಲನೆಯದು, ಸಂಭವವನ್ನು ನಿಶ್ಚಯವೆಂದು ಎಣಿಸುವದು: "ಬಸ್ಸು ಹತ್ತಿದರೆ ವಾಂತಿಯಾಗಿಯೇ ತೀರುವದು." ಎಷ್ಟು ಸಾರೆ ಹತ್ತಿದ್ದೀರಿ, ಎಷ್ಟು ಸಾರೆ ಆಗಿದೆ ಎಂದು ಲೆಕ್ಕ ಹಾಕಿದವರಿಗೆ ಈ ತಪ್ಪು ತಾನೇ ತಿಳಿಯುತ್ತದೆ.

ಎರಡನೆಯದು, ಕಷ್ಟವನ್ನು ಪ್ರಳಯವೆಂದು ಎಣಿಸುವದು: "ಆದರೆ ನಾನು ಸಾಯುವೆನು, ನನ್ನ ಮಾನವು ಹೋಗುವದು." ವಾಂತಿಯು ಅಸಹ್ಯವಾದದ್ದು ನಿಜ. ಅಸಹ್ಯವಾದದ್ದೆಲ್ಲ ಭಯಂಕರವಲ್ಲ.

ಮೂರನೆಯದು, "ನಾನು ತಾಳಲಾರೆ" ಎಂಬ ತೀರ್ಪು. ಕೂಸಾಗಿದ್ದಾಗ ನೀವೆಲ್ಲರೂ ಎಷ್ಟೋ ಸಾರೆ ಹಾಲು ಕಾರಿದ್ದೀರಿ, ತಾಳಿದ್ದೀರಿ.

ನಾಲ್ಕನೆಯದು ಎಲ್ಲಕ್ಕಿಂತ ಸೂಕ್ಷ್ಮವಾದದ್ದು: ಭಾವನೆಯನ್ನೇ ಸಾಕ್ಷಿಯೆಂದು ಹಿಡಿಯುವದು. "ಹೊಟ್ಟೆ ತೊಳಸುತ್ತದೆ, ಆದದರಿಂದ ವಾಂತಿಯಾಗುವದು." ಅಂಜಿದವನ ಜಠರವು ತನ್ನ ಕೆಲಸವನ್ನು ನಿಧಾನಮಾಡುತ್ತದೆ, ಬಾಯಿ ಒಣಗುತ್ತದೆ, ಗಂಟಲು ಬಿಗಿಯುತ್ತದೆ, ಹೊಟ್ಟೆ ತೊಳಸುತ್ತದೆ. ಬರಿಯ ಹಸಿವೆಯೂ ಓಕರಿಕೆಯನ್ನು ತರಬಲ್ಲದು. ಅಂಜಿಕೆಯಿಂದ ತೊಳಸು, ತೊಳಸಿನಿಂದ ಮತ್ತಷ್ಟು ಅಂಜಿಕೆ, ಅಂಜಿಕೆಯಿಂದ ಉಪವಾಸ, ಉಪವಾಸದಿಂದ ಮತ್ತೆ ತೊಳಸು: ಇದು ಗಾಣದ ಎತ್ತಿನ ದಾರಿ. ಎಷ್ಟು ನಡೆದರೂ ಊರು ಬರುವದಿಲ್ಲ.

೫. ವಿವೇಕದ ವಹಿ

ಈ ತಪ್ಪುಗಳನ್ನು ಮನಸ್ಸಿನಲ್ಲಿಯೇ ತಿದ್ದುವದು ಕಷ್ಟ; ಕಾಗದದ ಮೇಲೆ ಸುಲಭ. ಒಂದು ಸಣ್ಣ ವಹಿಯನ್ನು ತೆಗೆದುಕೊಂಡು ನಾಲ್ಕು ಅಂಕಣಗಳನ್ನು ಹಾಕಿರಿ: ಸಂಗತಿ, ಮನಸ್ಸಿನ ಮಾತು, ಸಾಕ್ಷಿ, ತಿದ್ದಿದ ಮಾತು. ನಾವು ಹೇಳಿದ ಬಾಲಕಿಯ ವಹಿಯ ಒಂದು ಸಾಲಿನ ತಾತ್ಪರ್ಯವು ಹೀಗಿತ್ತು.

ಸಂಗತಿ: ಡಬ್ಬಿಯಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ. ಮನಸ್ಸಿನ ಮಾತು: ಪಲ್ಯ ಕೆಟ್ಟಿದೆ, ತಿಂದರೆ ಕಾರುವೆನು. ಸಾಕ್ಷಿ: ಅವ್ವ ಮುಂಜಾನೆ ಮಾಡಿದ್ದು, ತಮ್ಮನೂ ಅದನ್ನೇ ಒಯ್ದಿದ್ದಾನೆ, ನಾತ ಬಂದಿಲ್ಲ, ಹೋದ ವಾರ ತಿಂದಾಗ ಏನೂ ಆಗಲಿಲ್ಲ. ತಿದ್ದಿದ ಮಾತು: ಬಹುಮಾಡಿ ಏನೂ ಆಗಲಿಕ್ಕಿಲ್ಲ. ಒಂದು ವೇಳೆ ಆದರೂ ಸ್ವಲ್ಪ ಹೊತ್ತಿನಲ್ಲಿ ಮುಗಿಯುವದು, ನಾನು ತಾಳುವೆನು.

ಕೊನೆಯ ವಾಕ್ಯವನ್ನು ಚೆನ್ನಾಗಿ ಗಮನಿಸಿರಿ. ವಿವೇಕವು "ಖಂಡಿತ ಆಗುವದಿಲ್ಲ" ಎಂದು ಹೇಳುವದಿಲ್ಲ. ಅಂಥ ಭರವಸೆಯನ್ನು ಯಾರೂ ಪ್ರಾಮಾಣಿಕವಾಗಿ ಕೊಡಲಾರರು. ಕೊಟ್ಟರೂ ಅದರ ಬಲವು ಒಂದು ತಾಸು ಉಳಿಯುವದಿಲ್ಲ, ಮತ್ತೆ ಕೇಳಬೇಕಾಗುವದು. ನಮ್ಮ ತಪ್ಪು ಇದೇ ಆಗಿತ್ತು. ಮುಂದೆ ಅವಳು ಕೇಳಿದಾಗ ನಾವು, "ಆಗಲೂಬಹುದು, ಆಗದೆಯೂ ಇರಬಹುದು. ಆದ್ರ ಏನ್ ಮಾಡ್ತೀ, ಹೇಳವಾ?" ಎಂದು ತಿರುಗಿ ಕೇಳಲಾರಂಭಿಸಿದೆವು. ಮೊದಲ ದಿನ ಅವಳು ಅತ್ತಳು. ಎಂಟು ದಿನಗಳಲ್ಲಿ, "ಹೊರಗ ಹೋಗ್ತೀನ್ರಿ, ಬಾಯಿ ಮುಕ್ಕಳಸ್ತೀನ್ರಿ, ನೀರು ಕುಡದು ಕುಂದರ್ತೀನ್ರಿ" ಎಂದು ತಾನೇ ಉತ್ತರ ಹೇಳಿದಳು.

೬. ಮೆಟ್ಟಲು ಮೆಟ್ಟಲಾಗಿ

ಬರಿಯ ವಿಚಾರದಿಂದ ಕೆಲಸ ಪೂರ್ತಿಯಾಗುವದಿಲ್ಲ. ಈಜುವದನ್ನು ದಂಡೆಯ ಮೇಲೆ ಕುಳಿತು ಕಲಿತವರಿಲ್ಲ. ಮೇರಿ ಕವರ್ ಜೋನ್ಸ್ ಎಂಬ ಅಮೇರಿಕದ ಮಹಿಳೆಯು ೧೯೨೪ರಲ್ಲಿ ಪೀಟರ್ ಎಂಬ ಚಿಕ್ಕ ಮಗುವಿನ ವೃತ್ತಾಂತವನ್ನು ಪ್ರಕಟಿಸಿದಳು. ಮೂರು ವರ್ಷವೂ ತುಂಬದ ಆ ಮಗುವಿಗೆ ಮೊಲವನ್ನು ಕಂಡರೆ ವಿಪರೀತ ಭಯ. ಅವಳು ಮಗುವಿಗೆ ಇಷ್ಟವಾದ ತಿನಿಸನ್ನು ಕೊಡುತ್ತ ಪಂಜರದ ಮೊಲವನ್ನು ಮೊದಲು ದೂರದಲ್ಲಿಟ್ಟು, ದಿನದಿನಕ್ಕೆ ಸ್ವಲ್ಪ ಹತ್ತಿರ ತಂದಳು. ಕೊನೆಗೆ ಮಗುವು ಮೊಲವನ್ನು ಮುಟ್ಟಿ ಆಡಿತು. ಈಗಿನ ವೈದ್ಯರು ಭಯಗಳಿಗೆ ಕೊಡುವ ಚಿಕಿತ್ಸೆಯ ಬೀಜವು ಇಲ್ಲಿದೆ.

ನಮ್ಮ ಬಾಲಕಿಯು ವೈದ್ಯರ ಸಲಹೆಯಂತೆ ಹತ್ತು ಮೆಟ್ಟಲುಗಳ ಯಾದಿಯನ್ನು ಮಾಡಿದಳು. ವಾಂತಿಯೆಂಬ ಶಬ್ದವನ್ನು ಬರೆಯುವದು ಮೊದಲನೆಯದು. ಅದರ ಚಿತ್ರವನ್ನು ನೋಡುವದು, ಸಪ್ಪಳವನ್ನು ಕೇಳುವದು, ಪ್ರಾರ್ಥನೆಯಲ್ಲಿ ಸಾಲಿನ ನಡುವೆ ನಿಲ್ಲುವದು, ಗೆಳತಿಯ ಡಬ್ಬಿಯಿಂದ ಒಂದು ತುತ್ತು ತಿನ್ನುವದು, ಚಿಗರಿಯಲ್ಲಿ ಒಂದು ನಿಲ್ದಾಣದ ಮಟ್ಟಿಗೆ ಹೋಗುವದು, ಆಮೇಲೆ ಧಾರವಾಡದ ವರೆಗೆ ಹೋಗಿ ಫೇಡೆಯನ್ನು ಅಲ್ಲಿಯೇ ತಿಂದುಬರುವದು, ಹೀಗೆ ಯಾದಿಯು ಏರುತ್ತ ಹೋಗಿ, ಅರಬೈಲ್ ಘಾಟಿನಲ್ಲಿ ಕೊನೆಗೊಂಡಿತ್ತು. ನಿಯಮಗಳು ಮೂರೇ. ಒಂದು, ಮೆಟ್ಟಲನ್ನು ಹಾರಬಾರದು. ಎರಡು, ಅಂಜಿಕೆಯು ಏರಿದಾಗ ಓಡಬಾರದು. ಅದು ಅಲೆಯಂತೆ ಏರಿ ತಾನೇ ಇಳಿಯುವ ವರೆಗೆ ಅಲ್ಲಿಯೇ ನಿಲ್ಲಬೇಕು. ಮೂರು, ಕೆಳಗಿನ ಮೆಟ್ಟಲು ಬೇಸರ ತರುವಷ್ಟು ಸಲೀಸಾದ ಮೇಲೆಯೇ ಮುಂದಿನದು.

ಪ್ರಯಾಣದಲ್ಲಿ ತಲೆತಿರುಗುವವರು ಮುಂದಿನ ಆಸನದಲ್ಲಿ ಕೂಡ್ರುವದು, ದೂರದ ದಿಗಂತವನ್ನು ನೋಡುವದು, ಹಗುರಾಗಿ ಉಣ್ಣುವದು ತಪ್ಪೇನಲ್ಲ, ಅದು ಜಾಣತನ. ಆದರೆ ತಿರುವಿಲ್ಲದ ದಾರಿಯಲ್ಲಿಯೂ ನಿಂಬೆಹಣ್ಣು, ಗುಳಿಗೆ, ಚೀಲ ಇಲ್ಲದೆ ಹೊಸ್ತಿಲು ದಾಟಲಾರೆನೆಂದರೆ ಅವು ಊರುಗೋಲಲ್ಲ, ಕಾಲಿನ ಬೇಡಿ. ಅವನ್ನು ಒಂದೊಂದಾಗಿ ಮನೆಯಲ್ಲಿ ಬಿಡಬೇಕು.

೭. ಗೆಳತಿಯರಿಗೂ ತಂದೆತಾಯಿಗಳಿಗೂ

ಸಹಪಾಠಿಯು ಕಾರಿಕೊಂಡಾಗ ನಗುವದು, ಮೂಗು ಮುಚ್ಚಿ ಓಡುವದು, ಮರುದಿನ ಅಡ್ಡಹೆಸರಿಡುವದು ನಮ್ಮ ಶಾಲೆಗೆ ತಕ್ಕದ್ದಲ್ಲ. ಒಬ್ಬಳು ಬೆನ್ನು ಸವರಲಿ, ಒಬ್ಬಳು ನೀರು ತರಲಿ, ಒಬ್ಬಳು ಶಿಕ್ಷಕಿಗೆ ತಿಳಿಸಲಿ. ನೆಲವನ್ನು ಬ್ಲೀಚಿಂಗ್ ಪುಡಿಯ ನೀರಿನಿಂದ ತೊಳೆಯಿಸಿ, ಕೈಗಳನ್ನು ಸಾಬೂನಿನಿಂದ ತೊಳೆದುಕೊಂಡು ಪಾಠಕ್ಕೆ ಕುಳಿತರಾಯಿತು. ಒಳ್ಳೆಯ ಸಮಾರ್ಯದವನು ದಾರಿಯಲ್ಲಿ ಬಿದ್ದವನ ಗಾಯವನ್ನು ನೋಡಿ ಹೇಸಲಿಲ್ಲ.

ತಂದೆತಾಯಿಗಳಲ್ಲಿ ನಮ್ಮ ಬಿನ್ನಹವಿಷ್ಟೇ. ಮಗಳನ್ನು ಬೈಯಬೇಡಿರಿ, ಅವಳ ಅಂಜಿಕೆಯ ಸೇವೆಯನ್ನೂ ಮಾಡಬೇಡಿರಿ. ಓಕರಿಕೆಯು ಬಹುದಿನ ಉಳಿದರೆ ಮೊದಲು ವೈದ್ಯರಿಂದ ಹೊಟ್ಟೆಯ ಪರೀಕ್ಷೆ ಮಾಡಿಸಿರಿ. ತೂಕವು ಇಳಿದರೆ, ಶಾಲೆ ತಪ್ಪಿದರೆ, ಮನೆಯ ಉಪಾಯಗಳಿಂದ ಗುಣವಾಗದಿದ್ದರೆ ಮನೋವೈದ್ಯರನ್ನು ಕಾಣಲು ನಾಚಬೇಡಿರಿ. ಧಾರವಾಡದಲ್ಲಿಯೇ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯುಂಟು. ಒಂದು ಕಾಲಕ್ಕೆ ಅದರ ಹೆಸರನ್ನು ಬೈಗಳವಾಗಿ ಬಳಸಿದ ನಾಲಿಗೆಗಳು ಇನ್ನಾದರೂ ಸುಮ್ಮನಿರಲಿ. ಕೇಂದ್ರ ಸರಕಾರವು ೨೦೨೨ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯಲ್ಲಿ ೧೪೪೧೬ ಎಂಬ ಸಂಖ್ಯೆಗೆ ಫೋನು ಮಾಡಿ ಖರ್ಚಿಲ್ಲದೆ ಸಲಹೆ ಕೇಳಬಹುದು.

೮. ಉಪಸಂಹಾರ

ಆ ಬಾಲಕಿಯು ಹತ್ತನೆಯ ಇಯತ್ತೆಯಲ್ಲಿ ನಮ್ಮೊಡನೆ ಕಾರವಾರಕ್ಕೆ ಬಂದಳು. ಘಾಟಿನಲ್ಲಿ ಹಿಂದಿನ ಆಸನದ ಹುಡುಗಿಯು ಕಾರಿಕೊಂಡಾಗ ಇವಳ ಮುಖ ಬಿಳುಪೇರಿತು. ಕಿಟಕಿಯ ಸರಳನ್ನು ಹಿಡಿದು ಕಣ್ಣೀರು ಸುರಿಸಿದಳು. ಆದರೆ ಬಸ್ಸು ನಿಲ್ಲಿಸಿರೆಂದು ಕೇಳಲಿಲ್ಲ. ಅಂಕೋಲೆ ಬರುವಷ್ಟರಲ್ಲಿ ತನ್ನ ನೀರಿನ ಬಾಟಲಿಯನ್ನು ತಾನೇ ಹಿಂದಕ್ಕೆ ಚಾಚಿದಳು. ಮುಂದೆ ಕೆಲವು ತಿಂಗಳ ಬಳಿಕ ಅವಳಿಗೇ ಹೊಟ್ಟೆ ಕೆಟ್ಟು ರಾತ್ರಿ ಎರಡು ಸಾರೆ ವಾಂತಿಯಾಯಿತು. ಎರಡು ದಿನಗಳ ಮೇಲೆ ಶಾಲೆಗೆ ಬಂದವಳು ನಮ್ಮ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದಳು: "ಟೀಚರ್, ಅದು ಬಂತ್ರೀ, ಹೋತ್ರೀ. ಅಂಜಿಕಿಕಿಂತ ಭಾಳ ಸಣ್ಣದಿತ್ರೀ."

ಅವಳ ಅಂಜಿಕೆಯು ಬೇರುಸಹಿತ ಹೋಯಿತೆಂದು ನಾವು ಹೇಳುವದಿಲ್ಲ. ಹೊಸ ಸ್ಥಳಕ್ಕೆ ಹೋದಾಗ ಬಾಗಿಲು ಎಲ್ಲಿದೆಯೆಂದು ಅವಳ ಕಣ್ಣು ಈಗಲೂ ಹುಡುಕುವದಂತೆ. ಆದರೆ ಡಬ್ಬಿಯು ಬರಿದಾಗಿ ಮನೆಗೆ ಹೋಗಹತ್ತಿತು. ನಮಗೆ ಅಷ್ಟು ಸಾಕು. ಅಪೊಸ್ತಲನಾದ ಪೌಲನು ತಿಮೊಥೆಯನಿಗೆ ಬರೆಯುವಾಗ ಹೇಡಿತನಕ್ಕೆ ಎದುರಾಗಿ ಬಲವನ್ನೂ ಪ್ರೀತಿಯನ್ನೂ ಸ್ವಸ್ಥವಾದ ಬುದ್ಧಿಯನ್ನೂ ಒಟ್ಟಿಗೆ ಹೆಸರಿಸಿದ್ದಾನೆ. ಮೂರೂ ಕೂಡಿಯೇ ಬೇಕು. ಪ್ರೀತಿಯೊಂದೇ ಇದ್ದರೆ ಏನಾಗುವದೆಂಬದನ್ನು ನಾವು ಅನುಭವದಿಂದ ಕಲಿತೆವು. ಆ ಮೂರನ್ನೂ ದೇವರು ನಿಮಗೆ ದಯಪಾಲಿಸಲಿ.

ಅಭ್ಯಾಸ

೧. ವಾಂತಿಯ ಆಜ್ಞೆಗೆ ವರ್ತಮಾನವು ಯಾವ ನಾಲ್ಕು ದಾರಿಗಳಿಂದ ಬರುತ್ತದೆ?
೨. ಹೊಟ್ಟೆ ತೊಳಸುವದು ವಾಂತಿಯ ನಿಶ್ಚಿತ ಗುರುತಲ್ಲವೆಂಬದಕ್ಕೆ ಎರಡು ಕಾರಣಗಳನ್ನು ಕೊಡಿರಿ.
೩. "ಆಗುವದಿಲ್ಲ" ಎಂಬ ಭರವಸೆಗಿಂತ "ಆದರೂ ತಾಳುವೆನು" ಎಂಬ ಮಾತು ಏಕೆ ಬಲವಾದದ್ದು?
೪. ನಿಮಗಿರುವ ಯಾವದಾದರೊಂದು ಅಂಜಿಕೆಯನ್ನು ತೆಗೆದುಕೊಂಡು ವಹಿಯ ನಾಲ್ಕು ಅಂಕಣಗಳನ್ನು ತುಂಬಿರಿ. ಇದನ್ನು ಯಾರಿಗೂ ತೋರಿಸಬೇಕಾಗಿಲ್ಲ.